ಸರ್ವೊಕೊನ ಇಂಗ್ಲಿಷಿಗೆ ಉರುಳಿದ ಸಭೆ

ಜಾವಾದ ನಮ್ಮ ಕ್ಲಾಟೆನ್ ಊರಿನ ಮದುವೆಗಳಲ್ಲಿ ಮೈಕು ಹಿಡಿಯುವ ಸರ್ವೊಕೊನಿಗೆ ಹೆಂಡತಿಗಿಂತ ತನ್ನ ಧ್ವನಿಯ ಮೇಲೇ ಪ್ರೀತಿ ಹೆಚ್ಚು. ವಧೂವರರ ನಡಿಗೆಯನ್ನು ಹಳೇ ಜಾವಾ ಭಾಷೆಯಲ್ಲಿ ಆತ ವರ್ಣಿಸಿ ಮುಗಿಸುವಷ್ಟರಲ್ಲಿ ಸೂಪು ತಣ್ಣಗಾಗಿ, ಹುಡುಗಿಯ ಮುಡಿಯ ಮಲ್ಲಿಗೆ ಬಾಡಿರುತ್ತಿತ್ತು.

ಈಚೆಗೆ ಜನ ಇಂಗ್ಲಿಷ್ ಮಾತಾಡುವ ಹುಡುಗರನ್ನು ಕರೆಯತೊಡಗಿದ್ದರು. ಹೊಟ್ಟೆಕಿಚ್ಚಿಗೆ ಸರ್ವೊಕೊ ಬಸ್ ನಿಲ್ದಾಣದ ಪಕ್ಕದ ಟ್ಯೂಷನ್ನಿಗೆ ಸೇರಿದ. ಒಂದು ದಿನ ಯುನಿಯಾರ್ ಟೀಚರು "ಬ್ರಿಂಗ್ ದ ಹೌಸ್ ಡೌನ್" ಎಂದು ಹಲಗೆಯ ಮೇಲೆ ಬರೆದರು.

"ಪದಕ್ಕೆ ಪದ ಇಟ್ರೆ ಮನೆ ಉರುಳಿಸೋದು ಅಂತಾಗುತ್ತೆ. ಆದ್ರೆ ನಿಜವಾದ ಅರ್ಥ, ಇಡೀ ಸಭೆ ಖುಷಿಯಿಂದ ಹುಚ್ಚೆದ್ದು ಚಪ್ಪಾಳೆ ಹೊಡೆಯೋ ಹಾಗೆ ಮಾಡೋದು. ದಯವಿಟ್ಟು ತರ್ಜುಮೆ ಮಾತ್ರ ಮಾಡ್ಬೇಡಿ."

"ನಾನು ಇಷ್ಟು ವರ್ಷ ಉರುಳಿಸ್ತಾನೇ ಇದೀನಿ ಟೀಚರ್. ಅದಕ್ಕೊಂದು ಹೆಸರಿದೆ ಅಂತ ಗೊತ್ತಿರ್ಲಿಲ್ಲ ಅಷ್ಟೆ."

ಮನೆಯಲ್ಲಿ ಹೇಳಿದಾಗ ಹೆಂಡತಿ ತುಮಿನಿ ತಲೆಯೆತ್ತಲಿಲ್ಲ. "ಅಡುಗೆಮನೆ ಹೆಂಚು ತಾನಾಗೇ ಉರುಳ್ತಿದೆ, ಮೊದ್ಲು ಅದನ್ನ ನೋಡ್ರೀ."

ಅಷ್ಟರಲ್ಲಿ ಗುತ್ತಿಗೆದಾರ ದಿರ್ಗಾಂತೊರೊನ ಮಗಳ ಮದುವೆ ಬಂತು. ಆತ ಕಟ್ಟಿದ ಹೊಸ ಮೀನು ಮಾರುಕಟ್ಟೆಯ ಚಾವಣಿ ಉದ್ಘಾಟನೆಗೆ ಮೊದಲೇ ಕುಸಿದು ಕೂತಿತ್ತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಅರ್ಧ ಊರಿಗೆ ಆತನೇ ಕೆಲಸ ಕೊಡುವವನಾದ್ದರಿಂದ ಜನ ಬಾಗಿಲು ಹಾಕಿಕೊಂಡು ನಕ್ಕಿದ್ದರು.

ಆ ಮದುವೆಯಲ್ಲಿ ಸರ್ವೊಕೊ ಹೊಸ ಮಾತನ್ನು ಇಂಗ್ಲಿಷಿನಲ್ಲಿ ಘೋಷಿಸಿದ. ಮುದುಕಿಯರು ಪಿಳಿಪಿಳಿ ನೋಡಿದರು. ಕನಿಕರಪಟ್ಟು ಜಾವಾ ಭಾಷೆಯಲ್ಲೇ ಬಿಡಿಸಿ ಹೇಳಿದ: "ಅಂದ್ರೆ, ದಿರ್ಗಾಂತೊರೊ ಅವರ ಮನೆ ಇವತ್ತು ನಿಮ್ಮೆಲ್ಲರ ಕಣ್ಮುಂದೆ ಉರುಳುತ್ತೆ!"

ಹಿಂದಿನ ಸಾಲಿನಿಂದ ಮೀನು ಮಾರುವ ಹೆಂಗಸೊಬ್ಬಳು ಕೇಳಿದಳು: "ಅಯ್ಯೋ, ಇನ್ನೊಂದಾ?"

ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಮದುಮಗನ ಹೆಗಲು ಕುಲುಕಿತು, ಗಾಮೆಲಾನ್ ವಾದ್ಯ ಬಾರಿಸುವವನ ಕೈಯಿಂದ ಕೋಲು ಜಾರಿತು. ತನ್ನ ಇಂಗ್ಲಿಷಿಗೇ ಈ ಮರ್ಯಾದೆ ಎಂದು ಬಗೆದ ಸರ್ವೊಕೊ, ಮೇಲೆ ಕೈ ತೋರಿಸಿ ಮತ್ತೆ ಕೂಗಿದ. ಮುಂದೆ ಕೂತಿದ್ದ ಅಧಿಕಾರಿಗಳು ಚಾವಣಿ ನೋಡಿ ಕುರ್ಚಿ ಹಿಂದಕ್ಕೆಳೆದುಕೊಂಡರು. ದಿರ್ಗಾಂತೊರೊ ಮೈಕು ಕಿತ್ತುಕೊಂಡ. ಸರ್ವೊಕೊನನ್ನು ಊಟವೂ ಹಾಕದೆ ಹಿಂಬಾಗಿಲಿನಿಂದ ದಬ್ಬಿದರು.

ದಾರಿಯಲ್ಲಿ, ಮದುವೆಗೆ ಜೊತೆಗೆ ಬಂದಿದ್ದ ತುಮಿನಿ ನಿಜ ಸಂಗತಿ ಬಿಡಿಸಿ ಹೇಳಿದಳು. ಅವನಿಗೆ ಗುತ್ತಿಗೆದಾರನ ಭಯವಾಗಲಿಲ್ಲ. "ಹಂಗಾದ್ರೆ ನನ್ನ ಇಂಗ್ಲಿಷ್ ಯಾರೂ ಕೇಳ್ಲೇ ಇಲ್ವಾ?" ಎಂದು ಕಣ್ಣೀರು ಹಾಕಿದ.

ಆದರೆ ದಿರ್ಗಾಂತೊರೊನನ್ನು ಕಂಡರಾಗದವರು ಎಷ್ಟಿದ್ದಾರೆಂದು ಆ ವಾರವೇ ತಿಳಿಯಿತು. ಎಲ್ಲ ಕಡೆಯಿಂದ ಕರೆ ಬಂತು, ಬೆನ್ನು ತಟ್ಟಿದರು. "ಏನ್ ಗುಂಡಿಗೆ ಸ್ವಾಮೀ ನಿಮ್ದು!" ಎಂದವರಿಗೆ ಸರ್ವೊಕೊ, "ಯಾರಾದ್ರೂ ಒಬ್ರು ಹೇಳ್ಲೇಬೇಕಿತ್ತಲ್ಲ," ಎಂದು ಗಂಭೀರವಾಗಿ ಗಂಟಲು ಸರಿಮಾಡಿಕೊಂಡ. ಈಗ ಊರಿಗೆಲ್ಲ ಅವನೇ ಧೈರ್ಯಶಾಲಿ. ಒಂದು ಮಾತ್ರ, ಮದುವೆ ಒಪ್ಪಿಕೊಳ್ಳುವ ಮುಂಚೆ ಹೆಣ್ಣಿನ ಅಪ್ಪನ ಉದ್ಯೋಗವೇನೆಂದು ಗುಟ್ಟಾಗಿ ವಿಚಾರಿಸಿಕೊಳ್ಳುತ್ತಾನೆ.