ಅಳಿಯನ ಕ್ಯಾಮೆರಾ ಮತ್ತು ಬೀಜದ ಸೌತೆಕಾಯಿ

ಊಟದ ತಟ್ಟೆಗೂ ಫೋಟೊ ತೆಗೆಯುವ ಹುಚ್ಚು ನಿಮ್ಮಿಂದಲೇ ಶುರುವಾಯಿತು ಅಂದುಕೊಳ್ಳಬೇಡಿ ಮಕ್ಕಳೇ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೇ ನಮ್ಮ ಮನೆಯ ಅಳಿಯನಿಗೆ ಅದು ಹಿಡಿದಿತ್ತು. ಅಳಿಯ ಅಂದರೆ ನಿಮ್ಮ ತಾತನ ತಂಗಿಯ ಗಂಡ, ಹೊನ್ನಾಳಿಯ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದವರು. ಈಗ ಅವರಿಲ್ಲ. ಇದ್ದಿದ್ದರೆ ಇದನ್ನು ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಮೊದಲು ಬೀಜದ ವಿಷಯ ಹೇಳಿಬಿಡುತ್ತೇನೆ. ಬಸವಾಪಟ್ಟಣದ ನನ್ನ ತವರಿನಲ್ಲಿ ಹಣ್ಣಾದ ಸೌತೆಯ ಬೀಜವನ್ನು ಬೂದಿಯಲ್ಲಿ ಕಲಸಿ ಅಡುಗೆಮನೆ ಗೋಡೆಗೆ ಬಡಿಯುತ್ತಿದ್ದರು. ಅದು ಬಿಲ್ಲೆಯ ಹಾಗೆ ಒಣಗಿ ಮುಂದಿನ ಮಳೆಗಾಲದವರೆಗೂ ಅಲ್ಲೇ ಅಂಟಿಕೊಂಡಿರುತ್ತಿತ್ತು. ಮದುವೆಯಾಗಿ ಜಗಳೂರಿನ ಕಡೆಗೆ ಬರುವಾಗ ನನ್ನವ್ವ ಅಂಥದ್ದೊಂದು ಬಿಲ್ಲೆಯನ್ನು ಕೆರೆದು ನನ್ನ ಸೆರಗಿಗೆ ಕಟ್ಟಿದಳು. ಆಮೇಲೆ ಅವ್ವ ಹೋದಳು. ಅಣ್ಣಂದಿರು ಹಿತ್ತಲಿಗೆಲ್ಲ ಅಡಿಕೆ ಸಸಿ ಇಟ್ಟರು, ಗೋಡೆಗೆ ಸಿಮೆಂಟು ಬಳಿದರು. ಅಲ್ಲಿಗೆ ಆ ಬೀಜ ತವರಿನಲ್ಲೂ ಇಲ್ಲವಾಯಿತು. ಇಲ್ಲಿ ನಾನು ಊರಿದ್ದರಲ್ಲಿ ಕೋಳಿ ಕೆದರಿ, ಬಿಸಿಲಿಗೆ ಸತ್ತು, ಆ ವರ್ಷ ಬಾವಿಯ ಪಕ್ಕ ಉಳಿದದ್ದು ಒಂದೇ ಬಳ್ಳಿ. ಅದರಲ್ಲಿ ಒಂದು ಕಾಯಿಯನ್ನು ಬೀಜಕ್ಕೆಂದು ಬಿಟ್ಟು, ಯಾರೂ ಕೀಳದಿರಲಿ ಅಂತ ತೊಟ್ಟಿಗೆ ಕೆಂಪು ಬಟ್ಟೆ ಕಟ್ಟಿದ್ದೆ. ಅದು ಹೋದರೆ ಅವ್ವನ ಸೌತೆ ಹೋದಂತೆಯೇ.

ಅಂಥ ಹೊತ್ತಿಗೆ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಅಳಿಯ ಬಸ್ಸಿಳಿದರು. ನ್ಯಾಮತಿಯಲ್ಲಿ ಫೋಟೊಗಳ ಪ್ರದರ್ಶನ ಇದೆಯಂತೆ. ಇವರು ಯಾವುದೋ ಪತ್ರಿಕೆಯಲ್ಲಿ ಕಡಲ ಸೌತೆ ಎಂಬ ಪ್ರಾಣಿಯ ಚಿತ್ರ ನೋಡಿದ್ದರಂತೆ. ಅದಕ್ಕೇ ಸೌತೆಕಾಯಿ ಮತ್ತು ಸೌತೆಯ ಹೆಸರು ಹೊತ್ತ ಸಕಲ ಸೃಷ್ಟಿಯನ್ನೂ ತೆಗೆಯುವುದಂತೆ.

"ಸಮುದ್ರದಾಗೂ ಸೌತೆಕಾಯಿ ಐತಾ ಅಳಿಯಂದ್ರೇ?" ಅಂದರು ನನ್ನ ಅತ್ತೆ.

"ಐತೆ ಅತ್ತೆ. ಜೀವ ಇರೋದು. ನಿಧಾನಕ್ಕೆ ಹರಿದಾಡ್ತೈತೆ."

"ಒಳ್ಳೇದಾತು ಬಿಡ್ರಿ. ಉಪ್ಪು ಹಚ್ಚೋ ಕೆಲಸ ತಪ್ತು."

ಜಗಳೂರಿಗೆ ಕಡಲು ಬರುವ ಹಾಗಿರಲಿಲ್ಲ. ಹಾಗಾಗಿ ಅಳಿಯ ಬೇಲಿಯ ಮೇಲಿನ ಕಾಡುಸೌತೆಯಿಂದ ಶುರುಮಾಡಿದರು. ಅದು ಮೇಕೆಯೂ ಮೂಸದಷ್ಟು ಕಹಿ. ಅದರ ಮುಂದೆ ಮಂಡಿಯೂರಿ ಕೂತ ಭಕ್ತಿಯನ್ನು ಅವರು ಯಾವ ಗುಡಿಯಲ್ಲೂ ತೋರಿಸಿದವರಲ್ಲ. ಆಮೇಲೆ ಸೌತೆಹುಳದ ಸರದಿ. ಎಲೆ ತಿನ್ನುವ ಆ ಕೆಂಪು ಹುಳಕ್ಕೆ ಅತ್ತೆ ದಿನಾ ಬೆಳಗ್ಗೆ ಬೂದಿ ಎರಚುತ್ತಿದ್ದರು. ಅಳಿಯ ಓಡಿಬಂದು ಕೈ ಹಿಡಿದರು. "ಬ್ಯಾಡ್ರಿ ಅತ್ತೆ, ಅದಿನ್ನೂ ಈ ಕಡೆ ತಿರುಗಿಲ್ಲ!" ಹುಳ ತಿರುಗುವಷ್ಟರಲ್ಲಿ ಒಂದು ಎಲೆ ಜರಡಿಯಾಗಿತ್ತು.

ಕೊನೆಗೆ ಬಳ್ಳಿಯ ಹತ್ತಿರ ಬಂದರು. ದೃಷ್ಟಿಗೆಂದು ಕಟ್ಟಿದ್ದ ಸುಣ್ಣದ ಬೊಟ್ಟಿನ ಒಡಕು ಗಡಿಗೆ ಫೋಟೊದಲ್ಲಿ ಅಸಹ್ಯವಾಗಿ ಕಾಣುತ್ತದೆ ಅಂತ ಇಳಿಸಿಟ್ಟರು. ಬೀಜದ ಕಾಯಿಯ ಕಡೆಗೆ ಬೆರಳು ನೆಟ್ಟಗೆ ಚಾಚಿ, "ಇದೇ, ಇದೇ ಬೇಕು!" ಅಂದರು. ಬಳ್ಳಿಯ ಕಾಯಿಗೆ ನೇರ ಬೆರಳು ತೋರಿಸಿದರೆ ಕೊಳೆಯುತ್ತದೆ ಅನ್ನುವುದು ನಮ್ಮಲ್ಲಿ ಕೂಸಿಗೂ ಗೊತ್ತು.

"ಬೆರಳು ಮಡಚ್ರಿ," ಅಂದರು ಅತ್ತೆ.

"ವಿಜ್ಞಾನದ ಕಾಲ ಅತ್ತೆ ಇದು."

"ಇರ್ಲಿ. ವಿಜ್ಞಾನದ ಬೆರಳನ್ನೂ ಮಡಚ್ರಿ."

ಎಲೆಯ ನೆರಳಿನಲ್ಲಿ ಫೋಟೊ ಬರುವುದಿಲ್ಲ, ಕಾಯಿ ಕಿತ್ತು ಬಿಳಿ ಪಂಚೆಯ ಮೇಲೆ ಇಡಬೇಕು ಅಂತ ಅಳಿಯ ಹೊರಟರು. ಅಳಿಯನ ಎದುರು ಸೊಸೆ ಮಾತಾಡುವ ಪದ್ಧತಿ ಆಗ ಇರಲಿಲ್ಲ. ನಾನು ಮೇವಿನ ಬಣವೆಯ ಹಿಂದೆ ನಿಂತಿದ್ದೆ. ಬೇಡ ಅನ್ನಿ ಅಂತ ಪಕ್ಕದಲ್ಲೇ ಇದ್ದ ನಿಮ್ಮ ತಾತನ ಕಿವಿಯಲ್ಲಿ ಹೇಳಿದೆ. ನಿಮ್ಮ ತಾತ ಕೆಮ್ಮಿದರು. ಅವರ ಕೈಲಾದದ್ದು ಅಷ್ಟೇ. ನಾನೇ ಈಚೆ ಬಂದು, "ಅದು ಬೀಜಕ್ಕೆ ಬಿಟ್ಟಿದ್ದು, ಕೀಳಬ್ಯಾಡ್ರಿ," ಅಂದೆ.

ಎಲ್ಲರೂ ನನ್ನನ್ನೇ ನೋಡಿದರು. ಕಾಯಿಯನ್ನು ಯಾರೂ ನೋಡಲಿಲ್ಲ. ಅಳಿಯ ನಕ್ಕು, "ಅಯ್ಯೋ, ಬೀಜ ತಾನೆ ಅಕ್ಕಾ? ದಾವಣಗೆರೆಯಿಂದ ಪೊಟ್ಟಣ ತಂದ್ಕೊಡ್ತೀನಿ, ಮೇಲೆ ಬಣ್ಣದ ಚಿತ್ರಾನೂ ಇರ್ತೈತೆ," ಅನ್ನುತ್ತ ಚಟಕ್ಕನೆ ಕಿತ್ತೇಬಿಟ್ಟರು. ಕೆಂಪು ಬಟ್ಟೆ ಬಿಚ್ಚಿ ಬಿಸಾಡಿದರು. ಕಾಯಿ ಇನ್ನೂ ಅರೆ ಹಳದಿಯಲ್ಲಿತ್ತು, ಒಳಗಿನ ಬೀಜ ಬಲಿತಿತ್ತೋ ಇಲ್ಲವೋ.

ಅತ್ತೆ ಒಳಗಿನಿಂದ ಬಿಳಿ ಪಂಚೆ ತಂದು ಹಾಸಿಕೊಟ್ಟರು. ನನಗೆ ಅಳಿಯನಿಗಿಂತ ಅವರ ಮೇಲೇ ಹೆಚ್ಚು ಸಿಟ್ಟು ಬಂತು.

ಫೋಟೊ ಆದಮೇಲಾದರೂ ಕಾಯಿ ನನ್ನ ಕೈಗೆ ಬರುತ್ತದೆ, ಹೇಗಾದರೂ ಹಣ್ಣು ಮಾಡಿಕೊಂಡೇನು ಅಂದುಕೊಂಡೆ. ಅಳಿಯ ಅದನ್ನೂ ಬಿಡಲಿಲ್ಲ. "ಅತ್ತೆ, ಇದನ್ನ ನಮ್ಮ ಸಾಹೇಬರಿಗೆ ತೋರಿಸಾಕೆ ಒಯ್ತೀನಿ."

"ಅದಕ್ಕೇನಂತೆ, ನಾನೇ ಕಟ್ಟಿಕೊಡ್ತೀನಿ," ಅಂದರು ಅತ್ತೆ. ಪಂಚೆಯಲ್ಲಿ ಸುತ್ತಿ, ದಾರ ಬಿಗಿದು, ಚೀಲದ ತಳಕ್ಕಿಟ್ಟು, ಮೇಲೆ ರೊಟ್ಟಿ ಬುತ್ತಿ ಇಟ್ಟರು. ಅಳಿಯ ಬಸ್ಸು ಹತ್ತಿದರು. ನಾನು ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಕಣ್ಣೀರು ಹಾಕಿದೆ.

ಸಂಜೆ ರಾಗಿ ತೆಗೆಯಲು ಕಾಳು ತುಂಬಿಡುವ ಮಣ್ಣಿನ ವಾಡೆಯೊಳಗೆ ಕೈ ಹಾಕಿದರೆ ತಣ್ಣಗೆ ಏನೋ ತಗುಲಿತು. ಎತ್ತಿ ನೋಡಿದರೆ ನನ್ನ ಸೌತೆಕಾಯಿ! ಅತ್ತೆ ಹೊಸ್ತಿಲಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು.

"ಅಳಿಯಗೆ ಇಲ್ಲ ಅನ್ನಬಾರದು ಅಂತಾರೆ. ನಾನು ಅನ್ನಲಿಲ್ಲ," ಅಂದರು. "ಕೊಡಬೇಕು ಅಂತ ಯಾರೂ ಹೇಳಿಲ್ಲ. ರಾಗಿಯಾಗೆ ಮುಚ್ಚಿಡು, ಹಣ್ಣಾಗ್ತೈತೆ. ಅದನ್ಯಾಕೆ ಹಿಂಗೆ ಎತ್ತಿ ಹಿಡ್ಕಂಡೀಯ, ನೀನೂ ಫೋಟೊ ತೆಗಿಸ್ತೀಯ?"

ಪಂಚೆಯಲ್ಲಿ ಹೊನ್ನಾಳಿಗೆ ಹೋದದ್ದು ಹಿತ್ತಲ ಸೋರೆಕಾಯಿ. ಅಳಿಯ ಅದನ್ನು ಬಿಚ್ಚದೆ ನೇರ ಸಾಹೇಬರ ಮನೆಗೆ ಒಯ್ದು, ಅಪರೂಪದ ಸೌತೆ ತಳಿ ಅಂತ ಭಾಷಣ ಮಾಡಿ, ಆಮೇಲೆ ದಾರ ಬಿಚ್ಚಿದರಂತೆ. ನಾದಿನಿ ಮುಂದಿನ ಸಲ ಬಂದಾಗ ನಗು ತಡೆಯಲಾರದೆ ಹೇಳಿದಳು. ಅತ್ತೆಯ ಮೇಲೆ ದೂರು ಹೇಳಲು ಅಳಿಯನಿಗೂ ಪದ್ಧತಿ ಅಡ್ಡ ಬಂತು. ಫೋಟೊ ಪ್ರದರ್ಶನಕ್ಕೇನೋ ಹೋಯಿತು. ಆದರೆ ಮಬ್ಬು ಕಪ್ಪುಬಿಳುಪಿನಲ್ಲಿ, ಬಿಳಿ ಪಂಚೆಯ ನಡುವೆ ಮಲಗಿದ್ದ ಸೌತೆಯನ್ನು ನೋಡಿದವರೆಲ್ಲ "ಯಾರ ಕೂಸ್ರೀ ಇದು?" ಅಂತ ಕೇಳಿದರಂತೆ. ಒಂದು ಪ್ರತಿ ನಮ್ಮ ಮನೆಗೂ ಬಂತು. ಅತ್ತೆ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಹೋಲಿಕೆ ಅಳಿಯಂದೇ," ಅಂದರು.

ರಾಗಿಯಲ್ಲಿ ಕಾಯಿ ಹಣ್ಣಾಯಿತು. ಬೀಜ ನೀರಿಗೆ ಹಾಕಿದಾಗ ಬಹಳಷ್ಟು ಜೊಳ್ಳಾಗಿ ತೇಲಿದವು. ತಳಕ್ಕೆ ಹೋದದ್ದು ಒಂದು ಹಿಡಿಯೂ ಇರಲಿಲ್ಲ. ಬೂದಿಯಲ್ಲಿ ಕಲಸಿ ನಾನು ಗೋಡೆಗೆ ಬಡಿಯುವಾಗ ಅತ್ತೆ ಪಕ್ಕದಲ್ಲೇ ನಿಂತು, "ಮೇಲೆ ಬಡಿ, ಇನ್ನೂ ಮೇಲೆ, ಅಳಿಯಗೆ ಎಟುಕಬಾರದು," ಅನ್ನುತ್ತಿದ್ದರು. ಮಳೆ ಬಿದ್ದಾಗ ಊರಿದೆವು. ತಡವಾಗಿ, ಅಲ್ಲೊಂದು ಇಲ್ಲೊಂದು ಎದ್ದವು, ಆದರೂ ಎದ್ದವು. ನೀವು ರಜೆಗೆ ಬಂದಾಗ ಕಹಿ ಅಂತ ಉಗುಳುತ್ತೀರಲ್ಲ, ಅದು ಆ ಬಳ್ಳಿಯ ಕಾಯಿಯೇ. ತೊಟ್ಟಿನ ಕಡೆ ಕೊಯ್ದು, ಚೆನ್ನಾಗಿ ಉಜ್ಜಿ, ನೊರೆ ತೆಗೆದು ತಿನ್ನಿ.