ಕ್ಲಚ್ ಕೊಳವೆಗೆ ಸುರಿದ ಸಿಮೆಂಟು

ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋದ ಮೇಲೆ ನನ್ನ ಗಂಡ ಡಾಕ್ಟರಿಗೆ ಕೇಳಿದ ಮೊದಲ ಮಾತು, "ಗಾಡಿ ಓಡಿಸಾಕ ಆಗ್ತದೇನ್ರಿ?" ಹೆಂಡತಿ ಪಕ್ಕದಲ್ಲೇ ಗೊಳೋ ಎಂದು ಅಳುತ್ತಿದ್ದಾಳೆ, ಈ ಮನುಷ್ಯನಿಗೆ ಗಾಡಿಯ ಚಿಂತೆ! ಡಾಕ್ಟರು, "ಕೈ ಸುಧಾರಿಸ್ತದ. ಕಾಲಿಂದು ಮುಂದ ನೋಡೋಣು" ಎಂದರು. ಕ್ಲಚ್ಚು ಒತ್ತುವುದು ಎಡಗಾಲು. ಅವರ ಮುಖ ಅಲ್ಲೇ ಇಳಿದುಹೋಯಿತು.

ಅವರ ಗಾಡಿ ಅಂದರೆ ಇಬ್ಬರೇ ಕೂರುವ, ಎಂಜಿನ್ನು ಹಿಂದೆ ಇರುವ, ಓಬೀರಾಯನ ಕಾಲದ ಕೆಂಪು ಸ್ಪೋರ್ಟ್ಸ್ ಕಾರು. ಯಾರೋ ಪರದೇಶದ ಎಂಜಿನಿಯರು ಬಿಟ್ಟುಹೋದದ್ದಂತೆ. ಶಹಾಬಾದಿನ ಫರ್ಸಿ ಕಲ್ಲಿನ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ಸಿಮೆಂಟು ಫ್ಯಾಕ್ಟರಿಯಲ್ಲಿ ಫಿಟ್ಟರಾಗಿದ್ದ ಇವರು ಅದನ್ನು ಸೇಡಂಗೆ ಎಳೆತಂದು, ರಜೆಯ ದಿನಗಳನ್ನೆಲ್ಲ ಅದರ ಕೆಳಗೆ ಮಲಗಿ ಕಳೆದು, ಮತ್ತೆ ಓಡುವಂತೆ ಮಾಡಿದರು. ಓಣಿಯವರು, "ಏನ್ರಿ ಇದು, ನೆಲಕ್ಕ ಕುಂಡಿ ಹಚ್ಚಿ ಹೋಗ್ತದಲ್ರಿ!" ಎಂದು ನಕ್ಕರು. ನಾನೂ ನಕ್ಕೆ. ಆದರೆ ಸೆರಗನ್ನು ಬಿಗಿಹಿಡಿದು ಅದರಲ್ಲಿ ಕೂತು ಕುಂಚಾವರಂ ಕಾಡಿನ ರಸ್ತೆಯಲ್ಲಿ ಹೋದಾಗಿನ ಸುಖವನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಹಾಗಂತ ಅವರ ಮುಂದೆ ಹೇಳಲಿಲ್ಲ. ಹೇಳಿದ್ದರೆ ತಲೆಯ ಮೇಲೆ ಕೂರುತ್ತಿದ್ದರು.

ದವಾಖಾನೆಯಿಂದ ಮನೆಗೆ ಬಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡರು. ಕೈ ನೆಟ್ಟಗಾಯಿತು. ಕೋಲು ಹಿಡಿದು ಅಂಗಳದವರೆಗೆ ಕಾಲೆಳೆಯುತ್ತ ನಡೆಯುವಂತಾದರು. ಒಂದು ಬೆಳಿಗ್ಗೆ ನಾನು ಬೇಡ ಬೇಡ ಅಂದರೂ ಕೇಳದೆ ಕಾರಿನೊಳಗೆ ಇಳಿದು ಕ್ಲಚ್ಚಿನ ಮೇಲೆ ಕಾಲಿಟ್ಟರು. ಪೆಡಲು ಜಪ್ಪಯ್ಯ ಅನ್ನಲಿಲ್ಲ. ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡರು. "ಸರೀರಿ, ನಾ ನೋಡ್ತೀನಿ" ಎಂದು ಬಗ್ಗಿ ಎರಡೂ ಕೈಯಿಂದ ಒತ್ತಿದೆ. ನನಗೂ ಅದು ಅಲುಗಲಿಲ್ಲ.

ಅಯ್ಯ ಶಿವನೇ, ಆಗ ನನಗಾದ ಸಂತೋಷ! "ಗಾಡೀನೇ ಕೆಟ್ಟದರಿ! ನಿಮ್ಮ ಕಾಲಿಗಿ ಏನೂ ಆಗಿಲ್ಲ!" ಎಂದು ಕೂಗಿಬಿಟ್ಟೆ. ಅವರೂ ಕಣ್ಣು ತೆರೆದು, "ಕ್ಲಚ್ಚಿನ ಟ್ಯೂಬು ಹೋಗ್ಯಾದ ನೋಡು. ಅದೇ ಇರಬೇಕು" ಎಂದರು. ಆವತ್ತು ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ಎಂಜಿನ್ನು ಹಿಂದಿರುವ ಕಾರಣ ಆ ಕಾರಿನ ಕ್ಲಚ್ ಕೇಬಲ್ಲು ಪೆಡಲಿನಿಂದ ಹಿಂದಿನವರೆಗೂ ಹೋಗಬೇಕು. ಎರಡು ಸೀಟುಗಳ ನಡುವೆ ತಗಡಿನ ಉಬ್ಬೊಂದಿದೆ. ಅದರೊಳಗಿನ ಸಣ್ಣ ಕಬ್ಬಿಣದ ಕೊಳವೆಯೇ ಕೇಬಲ್ಲಿನ ದಾರಿ. ಹಿಂದೊಮ್ಮೆ ಅದರ ಬೆಸುಗೆ ಬಿಟ್ಟು ಕೊಳವೆ ಒಳಗೇ ಅಲ್ಲಾಡತೊಡಗಿತ್ತು. ತಗಡು ಕತ್ತರಿಸಿ ಮತ್ತೆ ಬೆಸೆಯಬೇಕಿತ್ತು. ಇವರು ಏನು ಮಾಡಿದರು ಗೊತ್ತೇ? ಸಿಮೆಂಟು ಕಲಸಿ, ಗೇರು ಕಡ್ಡಿಯ ತೂತಿನಿಂದ ಕೊಳವೆಯ ಸುತ್ತ ಸುರಿದರು! ನಮ್ಮ ಕಡೆ ಎಲ್ಲದಕ್ಕೂ ಅದೇ ಮದ್ದು. ಮಾಳಿಗೆ ಸೋರಿದರೆ ಸಿಮೆಂಟು, ಹಾವಿನ ಹುತ್ತಕ್ಕೆ ಸಿಮೆಂಟು, ಮಂಚದ ಕಾಲು ಅಲ್ಲಾಡಿದರೂ ಸಿಮೆಂಟು. "ಕಾರಿಗೂ ಹಾಕ್ತಾರೇನ್ರಿ?" ಎಂದು ನಾನು ಬೈದಾಗ, "ಡ್ಯಾಮು ನಿಲ್ತಾವ, ಟ್ಯೂಬು ನಿಲ್ಲಂಗಿಲ್ಲೇನು?" ಎಂದಿದ್ದರು. ನಿಂತಿತ್ತು, ನಿಜ. ಆದರೆ ಮಳೆನೀರು ಆ ಸಿಮೆಂಟಿನಲ್ಲಿ ಇಂಗಿ, ಇವರು ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ ಕೊಳವೆಯೂ ಕೇಬಲ್ಲೂ ತುಕ್ಕಿನಲ್ಲಿ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಮಾಡಿದ್ದುಣ್ಣೋ ಮಾರಾಯ.

ವಾಡಿಯಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿದೆವು. ಲಾರಿ, ಟಿಪ್ಪರುಗಳ ವೆಲ್ಡಿಂಗ್ ಮಾಡುವ, ನಲವತ್ತರ ಆಸುಪಾಸಿನ ಮನುಷ್ಯ. ತಗಡು ಕತ್ತರಿಸಿ ಒಳಗೆ ಇಣುಕಿದವನೇ ತಲೆ ಮೇಲೆ ಕೈ ಹೊತ್ತ.

"ಕಾಕಾರ, ಇದು ಗಾಡಿಯೋ, ಮನಿ ಪಾಯಾನೋ?"

"ಒಡಿಯಪಾ ಸುಮ್ನ. ಭಾಳ ಮಾತಾಡ್ತಿ" ಎಂದು ನನ್ನ ಗಂಡ ನಕ್ಕರು. ಲಕ್ವಾ ಆದಮೇಲೆ ಅವರು ಬಾಯ್ತುಂಬ ನಕ್ಕದ್ದು ಅದೇ ಮೊದಲು.

ಅವನು ಉಳಿ ಹಿಡಿದು ಸಿಮೆಂಟನ್ನು ಚೂರು ಚೂರಾಗಿ ಒಡೆದ. ಇವರು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, "ಹಗೂರಕ, ಹಗೂರಕ" ಎನ್ನುತ್ತ ಕೂತರು. ನಾನು ಚಹಾ ಮಾಡಿ ಮಾಡಿ ಕೊಟ್ಟೆ. ಕೊಳೆತ ಕೊಳವೆ ಹೊರಬಂತು. ಹೊಸ ಕೊಳವೆ ಕೂರಿಸಿ, ಬೆಸುಗೆ ಹಾಕಿ, ಹೊಸ ಕೇಬಲ್ಲಿಗೆ ಗ್ರೀಸು ಬಳಿದು ಒಳಗೆ ಬಿಟ್ಟ. ನಡುನಡುವೆ ಇವರು ನನ್ನ ಕಡೆ ತಿರುಗಿ, "ಮೊದಲ ಚಿತ್ತಾಪುರದ ತನಕ ಹೋಗಿ ಬರೋಣು. ಆಮ್ಯಾಲ ಕಾಡಿನ ಕಡಿ" ಎನ್ನುತ್ತಿದ್ದರು. ನಾನು, "ಹೂಂರಿ, ಬುತ್ತಿ ಕಟ್ತೀನಿ" ಎಂದೆ. ಮನಸ್ಸಿನಲ್ಲಿ ಆಗಲೇ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಯಾಗಿತ್ತು.

ಕೆಲಸ ಮುಗಿಸಿ ಮಿಸ್ತ್ರಿ ಪೆಡಲನ್ನು ಒತ್ತಿ ನೋಡಿದ. ನನಗೂ ಒತ್ತಲು ಹೇಳಿದ. ಒಂದೇ ಕೈಗೆ ಅದು ಮೆತ್ತಗೆ ನೆಲದವರೆಗೂ ಇಳಿಯಿತು.

ನಾವಿಬ್ಬರೂ ರಟ್ಟೆ ಹಿಡಿದು ಅವರನ್ನು ಒಳಗೆ ಕೂರಿಸಿದೆವು. ಎಡಗಾಲನ್ನು ಪೆಡಲಿನ ಮೇಲೆ ಇಟ್ಟುಕೊಂಡರು. ಒತ್ತಿದರು. ಕುತ್ತಿಗೆಯ ನರ ಉಬ್ಬಿತು, ಹಣೆಯಲ್ಲಿ ಬೆವರು ಮೂಡಿತು, ತುಟಿ ಕಚ್ಚಿಕೊಂಡರು. ಕಾಲು ಅಲ್ಲೇ ಇತ್ತು. ಪೆಡಲೂ ಅಲ್ಲೇ ಇತ್ತು.

ಮಿಸ್ತ್ರಿ ನನ್ನ ಮುಖ ನೋಡಿದ. ಆಮೇಲೆ, "ಕೇಬಲ್ ಹೊಸಾದು ಅದಲ್ರಿ ಕಾಕಾರ, ಸ್ವಲ್ಪ ಬಿಗಿ ಇರ್ತದ. ಮತ್ತೊಮ್ಮಿ ಬಂದು ಸಡ್ಲ ಮಾಡ್ತೀನಿ" ಎಂದ.

"ಹೌದ್ರಿ, ನನಗೂ ಭಾಳ ಬಿಗಿ ಅನಿಸ್ತು" ಎಂದೆ ನಾನು. ನಾನು ಒಂದೇ ಕೈಯಲ್ಲಿ ಒತ್ತಿದ್ದನ್ನು ಅವರು ಕಣ್ಣಾರೆ ನೋಡಿದ್ದರು.

ಅವರು ಬಗ್ಗಿ, ಬಲಗೈಯಿಂದ ಪೆಡಲನ್ನು ಒತ್ತಿದರು. ಇಳಿಯಿತು. ಬಿಟ್ಟರು, ಮೇಲೆ ಬಂತು. ಇನ್ನೊಮ್ಮೆ ಒತ್ತಿ ಬಿಟ್ಟರು. ಆಮೇಲೆ ಎರಡೂ ಕೈಯಿಂದ ತಮ್ಮ ಮೊಣಕಾಲನ್ನು ಹಿಡಿದೆತ್ತಿ ಕಾರಿನಿಂದ ಹೊರಗಿಟ್ಟರು.

"ಛಲೋ ಮಾಡೀಪಾ ಕೆಲಸ. ಎಲ್ಲೂ ಕುಂದಿಲ್ಲ" ಎಂದರು ಮಿಸ್ತ್ರಿಗೆ.

ಅವನು ತಲೆ ತಗ್ಗಿಸಿ ವೆಲ್ಡಿಂಗ್ ವೈರು ಸುತ್ತತೊಡಗಿದ. ಕೆಲಸ ಕೆಡಿಸುವವರನ್ನು ಕಂಡರೆ ಉರಿದುಬೀಳುವವಳು ನಾನು. ಆವತ್ತು ಮಾತ್ರ, ಇವನು ಕೆಲಸ ಕೆಡಿಸಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡು ಅವರ ಕೋಲು ತರಲು ಒಳಗೆ ಹೋದೆ.