ಟ್ರೇಲಿಯ ಮೇಲಿನ ಹಿಮ್ಮೇಳ

ನಮ್ಮ ಕಡೆಯ ಹಳ್ಳಿ ಹೈಸ್ಕೂಲುಗಳಲ್ಲಿ ಗ್ಯಾದರಿಂಗಿಗೆ, ಅಂದರೆ ವಾರ್ಷಿಕ ಸಮ್ಮೇಳನಕ್ಕೆ, ವೇದಿಕೆ ಕಟ್ಟುವುದಿಲ್ಲ; ಎಳೆದು ತಂದು ನಿಲ್ಲಿಸುತ್ತಾರೆ. ಪಾಲಕರಲ್ಲಿ ಯಾರಾದರೊಬ್ಬರು ಎರಡು ಟ್ರ್ಯಾಕ್ಟರ್ ಟ್ರೇಲಿ ಕೊಡುತ್ತಾರೆ. ಪಕ್ಕದ ಹಲಗೆ ಕಳಚಿ, ಎರಡನ್ನೂ ಸರಪಳಿಯಿಂದ ಬಿಗಿದು, ಮೇಲೆ ಜಮಖಾನೆ ಹಾಸಿದರೆ ಆಯಿತು. ನಾನು ಓದುವಾಗ ಅಂಥ ಟ್ರೇಲಿಯ ಮೇಲೆಯೇ ನಿಂತು ಹಾಡಿದ್ದೆ. ಅದರಲ್ಲೊಂದು ಅಪಾಯ ಇರಬಹುದೆಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

ಎಂ.ಎ. ಮುಗಿಸಿದ ಮೇಲೆ ಕಾಗವಾಡ ತಾಲ್ಲೂಕಿನ ಹೊಳೆದಂಡೆಯ ಊರೊಂದರ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಹಾರ್ಮೋನಿಯಂ ಪೇಟಿ ಬಾರಿಸಲು ಬರುತ್ತದೆಂಬ ಒಂದೇ ಕಾರಣಕ್ಕೆ ಹಾಡಿನ ಗುಂಪು ನನ್ನ ಪಾಲಿಗೆ ಬಂದಿತ್ತು. ನಾಟಕದ ಗುಂಪು ವಿಜ್ಞಾನದ ಮಾಸ್ತರರದು. ಅವರ ತಂದೆ ಸಣ್ಣಾಟದಲ್ಲಿ ವೇಷ ಕಟ್ಟಿದವರು. ಎರಡೂ ಗುಂಪು ಪ್ರತಿವರ್ಷ ಬೇರೆ ಬೇರೆ ರಂಗಕ್ಕೆ ಬರುತ್ತಿದ್ದವು. ಆ ವರ್ಷ ಮಾಸ್ತರರು ತಾವೇ ಒಬ್ಬ ರಾಣಿಯ ಕಥೆ ಬರೆದು, ಹಾಡುವವರೂ ಅದರಲ್ಲಿ ಬೇಕೆಂದು ಹಟ ಹಿಡಿದರು.

"ನಾಟಕ ಒಂದ್ ಕಡೆ, ಹಾಡ ಒಂದ್ ಕಡೆ ಯಾಕ್ರಿ ಟೀಚರ್? ನಮ್ಮಪ್ಪನ ಕಾಲದಾಗ ಹಿಮ್ಮೇಳ ಬೆನ್ನಿಗೇ ನಿಂದರ್ತಿತ್ತು. ಬೆನ್ನಿಗೆ ದನಿ ಇದ್ರ ವೇಷದವ್ರಿಗೆ ಧೈರ್ಯ" ಎಂದರು.

ನನಗೂ ಅದು ಚೆನ್ನಾಗಿ ಕಂಡಿತು. ಹಾಡುವ ಹುಡುಗಿಯರೆಲ್ಲ ರಂಗದ ಹಿಂಬದಿಗೆ ಸಾಲಾಗಿ ನಿಲ್ಲುವುದು, ಎತ್ತರದವರು ಇನ್ನೂ ಹಿಂದೆ ಬೆಂಚಿನ ಮೇಲೆ, ವೇಷದವರು ಮುಂದೆ ಎಂದು ತೀರ್ಮಾನವಾಯಿತು.

ರಾಣಿಯಾಗಿದ್ದವಳು ಹತ್ತನೆಯ ತರಗತಿಯ ಹುಡುಗಿ. ಮನೆಯಲ್ಲಿ ಮರಾಠಿ. ಕನ್ನಡದ ಮಾತು ಮರೆತರೆ ಅಳುಕದೆ ತನ್ನದೇ ಒಂದನ್ನು ಸೇರಿಸಿಬಿಡುತ್ತಿದ್ದಳು. ತಾಲೀಮಿನಲ್ಲಿ ಸೇನಾಪತಿ ಬಾಯಿಪಾಠ ತಪ್ಪಿದಾಗ ಸಿಂಹಾಸನದಲ್ಲಿ ಕೂತೇ ಹೇಳಿದಳು: "ನೀ ಸೇನಾಪತಿ ಅಲ್ಲಲೇ. ಕಾರ್ಖಾನಿ ವಾಚಮನ್ ಕಂಡಂಗ ಕಾಣತಿ." ಸೇನಾಪತಿ ಸೇರಿ ಎಲ್ಲರೂ ನಕ್ಕರು. ಅವಳಿದ್ದಲ್ಲಿ ತಾಲೀಮು ಬೇಸರ ತರುತ್ತಿರಲಿಲ್ಲ.

ಗ್ಯಾದರಿಂಗ್ ಬಂದದ್ದು ಕಬ್ಬು ಕಡಿಯುವ ಭರದಲ್ಲಿ. ನಾಲ್ಕು ಗಾಲಿಯ ಟ್ರೇಲಿಗಳೆಲ್ಲ ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿದ್ದವು. ನಮಗೆ ಸಿಕ್ಕದ್ದು ಎರಡು ಗಾಲಿಯವು. ಅಂಥವು ತಮ್ಮಷ್ಟಕ್ಕೆ ನಿಲ್ಲುವುದಿಲ್ಲ. ಮುಂದಿನ ಮೂಕಿಯನ್ನು, ಅಂದರೆ ಎಳೆಯುವ ಕಬ್ಬಿಣದ ತೊಲೆಯನ್ನು, ಟ್ರ್ಯಾಕ್ಟರಿನ ಇಂಜಿನ್ನು ಹಿಡಿದಿರಬೇಕು. ಯಾವಾಗಲೂ ಇಂಜಿನ್ನು ರಂಗದ ಹಿಂದೆ ಮರೆಯಲ್ಲಿ ನಿಂತಿರುತ್ತದೆ. ಆ ದಿನ ಮಾತ್ರ ಟ್ರೇಲಿಯ ಮಾಲೀಕರು, ಕಾರ್ಖಾನೆಯಿಂದ ತಮ್ಮ ಕಬ್ಬಿನ ಪಾಳಿಯ ಫೋನು ಬಂದರೆ ಸರಕ್ಕನೆ ಹೊರಡಬೇಕೆಂದು, ಮೂಕಿಗಳನ್ನು ಗೇಟಿನ ಕಡೆಗೆ, ಅಂದರೆ ಜನ ಕೂರುವ ಕಡೆಗೆ ಮಾಡಿ ನಿಲ್ಲಿಸಿದ್ದರು. ಮಧ್ಯಾಹ್ನ ಫೋನು ಬಂದೇಬಿಟ್ಟಿತು.

"ಪಾಳಿ ಬಂದೈತ್ರಿ ಮಾಸ್ತರ. ಹೊಲದಾಗ ದೊಡ್ಡ ಟ್ರೇಲಿ ಲೋಡಾಗಿ ನಿಂತೈತಿ. ಈಗ ಹೋಗ್ಲಿಲ್ಲಂದ್ರ ಕಬ್ಬ ಒಣಗತೈತಿ" ಎಂದು ಅವರು ಇಂಜಿನ್ನು ಬಿಚ್ಚಿಕೊಂಡರು. ಮೂಕಿಗಳ ಕೆಳಗೆ ಕಲ್ಲು ಕೊಟ್ಟು, ಅವು ಏಳದಂತೆ ಮೇಲೆ ಉಸುಕಿನ ಚೀಲ ಹೇರಿದರು. "ಈ ಚೀಲ ಅಷ್ಟ ತಗೀಬ್ಯಾಡ್ರಿ" ಎಂದು ಹೇಳಿಯೂ ಹೋದರು. ಮಾಸ್ತರರು ಹೂಂಗುಟ್ಟಿದರು. ಚೀಲ ಕಾಣದಂತೆ ಮುಂದೆ ಬಣ್ಣದ ಬಟ್ಟೆ ಕಟ್ಟಿ, ಅಂಚಿಗೆ ಚೆಂಡುಹೂವಿನ ಮಾಲೆ ಬಿಟ್ಟರು.

ಟ್ರೇಲಿಗಳ ಹಿಂದೆ ತಾಡಪತ್ರಿ ಮರೆಮಾಡಿ ವೇಷ ಕಟ್ಟಿಕೊಳ್ಳಲು ಜಾಗ ಮಾಡಿದ್ದೆವು. ಹೊಳೆಯ ಕಡೆಯ ಗಾಳಿಗೆ ಅದು ಮತ್ತೆ ಮತ್ತೆ ಹಾರುತ್ತಿತ್ತು. ಒಳಗಿದ್ದ ಹುಡುಗಿಯರು ಕೂಗಿಕೊಳ್ಳುತ್ತಿದ್ದರು. ಮಾಲೀಕರ ಮಾತು ಕೇಳಿರದ ಯಾರೋ ಮುಂದಿನ ಚೀಲಗಳನ್ನು ಒಯ್ದು ತಾಡಪತ್ರಿಯ ಅಂಚಿಗೆ ಹೇರಿದರು. ಇದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಜನ ಬರುವ ಮುಂಚೆ ಕೊನೆಯ ತಾಲೀಮು. ನಾನು ರಂಗದ ಎದುರು ನೆಲದ ಮೇಲೆ ಪೇಟಿ ಇಟ್ಟುಕೊಂಡು ಕೂತೆ. ರಾಣಿ ಹಿಂದೆ ತಾಡಪತ್ರಿಯ ಮರೆಯಲ್ಲಿದ್ದಳು. ಅವಳಿಗೆ ಅಜ್ಜಿಯ ಇಳಕಲ್ ಸೀರೆ ಉಡಿಸುತ್ತಿದ್ದ ಇನ್ನೊಬ್ಬ ಶಿಕ್ಷಕಿ ಪಿನ್ನು ತರಲೆಂದು ಕೋಣೆಗೆ ಹೋಗುವುದನ್ನು ನೋಡಿದೆ. ಒಳಗೆ ಅವಳೊಬ್ಬಳೇ ಉಳಿದಳು. ಮೊದಲು ಹಾಡು, ಅದು ಮುಗಿದ ಮೇಲೆ ಅವಳ ಪ್ರವೇಶ.

ಹಾಡಿಗೆ ಪೇಟಿಯ ದನಿ ಏರಿತು. ಹುಡುಗಿಯರೆಲ್ಲ ಒಟ್ಟಿಗೆ ಬೆಂಚಿನ ಮೇಲೆ, ಸಾಲಿನಲ್ಲಿ ಬಂದು ನಿಂತರು. ಮೊದಲು ಅಲುಗಿದ್ದು ಚೆಂಡುಹೂವಿನ ಮಾಲೆ. ಗಾಳಿಗಿರಬೇಕು ಎಂದುಕೊಂಡೆ. ಆಮೇಲೆ ರಂಗದ ಇಡೀ ಮುಂದಿನ ಅಂಚು ನಿಧಾನವಾಗಿ ಮೇಲೆ ಬಂತು. ಬಟ್ಟೆಯ ಕೆಳಗೆ ಕಲ್ಲಿಗೂ ಮೂಕಿಗೂ ನಡುವೆ ಬೆಳಕು ಕಂಡಿತು. ನನಗೆ ತಲೆ ತಿರುಗುತ್ತಿದೆಯೇನೋ ಅನ್ನಿಸಿತು. ಹುಡುಗಿಯರು ನಾನು ಕಲಿಸಿದಂತೆ ನನ್ನನ್ನೇ ನೋಡುತ್ತ, ನಗುಮುಖದಿಂದ ಹಾಡುತ್ತಿದ್ದರು. ಮುಂದೆ ಬನ್ನಿ ಎಂದು ಕೂಗಬೇಕಿತ್ತು. ನನ್ನ ಕೈ ಮಾತ್ರ ಪೇಟಿಯ ಗಾಳಿ ಒತ್ತುತ್ತಲೇ ಇತ್ತು.

ಕಾಲ ಕೆಳಗೆ ಏನೋ ಆಗುತ್ತಿದೆಯೆಂದು ಮೊದಲು ತಿಳಿದದ್ದು ಸೇನಾಪತಿಗೆ. ಅವನು ಕೆಳಗೆ ನೋಡಿ ಹಾರಿಕೊಂಡ. ಅವನನ್ನು ನೋಡಿ ಮಂತ್ರಿ ಹಾರಿದ, ಇಬ್ಬರು ಸೈನಿಕರು ಹಾರಿದರು. ಆ ವಯಸ್ಸಿನ ಯಾರಾದರೂ ಅದನ್ನೇ ಮಾಡುತ್ತಿದ್ದರು. ಆದರೆ ಟ್ರೇಲಿಯ ಮುಂಭಾಗದಲ್ಲಿ ಭಾರವೆಂದು ಉಳಿದದ್ದು ಅವರೇ. ಅವರು ಇಳಿದದ್ದೇ ತಡ, ಎರಡೂ ಮೂಕಿಗಳು ಬಟ್ಟೆಯನ್ನು ಹರಿದುಕೊಂಡು ಆಕಾಶಕ್ಕೆ ಎದ್ದು ನಿಂತವು. ಹಾಡು ಒಂದು ಪದದ ಅರ್ಧಕ್ಕೆ ನಿಂತಿತು. ಹಿಂದುಗಡೆ ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು. ಆಮೇಲೆ ಧೂಳು.

ಹುಡುಗಿಯರು ಒಬ್ಬರ ಮೇಲೊಬ್ಬರು ಜಾರಿ ಬಿದ್ದಿದ್ದರು. ಅಳುತ್ತಿದ್ದರು, ಅವ್ವನನ್ನು ಕರೆಯುತ್ತಿದ್ದರು. ಆ ಅಳು ಕೇಳಿ ನನಗೆ ಹೆದರಿಕೆಯಾಗಲಿಲ್ಲ; ಅಳುವವರು ಬದುಕಿದ್ದಾರೆ. ಟ್ರೇಲಿಯ ಹಿಂಭಾಗ ತಾಡಪತ್ರಿಯ ಸಮೇತ ಕೆಳಗೆ ಕೂತಿತ್ತು. ಅಲ್ಲಿಂದ ಏನೂ ಕೇಳಿಸುತ್ತಿರಲಿಲ್ಲ.

ಮಾಸ್ತರರು ರಾಣಿಯಾಗಿದ್ದವಳ ಹೆಸರು ಹಿಡಿದು ಕೂಗಿದರು. ಮತ್ತೆ ಕೂಗಿದರು. ರಸ್ತೆಯಲ್ಲಿ ಹೋಗುತ್ತಿದ್ದ ಗಂಡಸರು ಓಡಿಬಂದು ಹಿಂದಿನ ತುದಿಗೆ ಕೈ ಹಾಕಿದರು. ಅವರಲ್ಲೊಬ್ಬರು, "ಹಂಗ ಎತ್ತಬ್ಯಾಡ್ರಿ. ಕೈ ಜಾರಿದ್ರ ಮತ್ತ ಕುಂದರತೈತಿ. ಮುಂದ ಹೋಗಿ ಮೂಕಿಗಿ ಹಗ್ಗಾ ಹಾಕಿ ಸಾವಕಾಶ ಜಗ್ರಿ" ಎಂದರು. ಹಗ್ಗ ತರಲು ಯಾರೋ ಓಡಿದರು. ನಾನು ಮಣ್ಣಿನಲ್ಲಿ ಮೊಣಕಾಲೂರಿ, ತಾಡಪತ್ರಿಗೆ ಕಿವಿ ಕೊಟ್ಟು ಕೂತಿದ್ದೆ. ಹಗ್ಗ ಬರುವ ತನಕದ ಆ ಹೊತ್ತು ಎಷ್ಟಿತ್ತೋ ನನಗೆ ಗೊತ್ತಿಲ್ಲ. ಅವಳ ಅವ್ವನಿಗೆ ಏನೆಂದು ಹೇಳುವುದು, ಕನ್ನಡದಲ್ಲೋ ಮರಾಠಿಯಲ್ಲೋ ಎಂದು ಯೋಚಿಸಿದ್ದು ನೆನಪಿದೆ. ಅಂಥ ಹೊತ್ತಿನಲ್ಲಿ ಬುದ್ಧಿ ಎಲ್ಲೆಲ್ಲಿಗೋ ಹೋಗುತ್ತದೆ.

ಮೂಕಿ ಇಳಿಯತೊಡಗಿದಾಗ ತಾಡಪತ್ರಿಯ ಕೆಳಗಿಂದ ದನಿ ಬಂತು: "ಸರ್, ಸೀರಿ ಸಿಕ್ಕೊಂಡೈತ್ರಿ. ಜೋರ್ ಜಗ್ಗಬ್ಯಾಡ್ರಿ, ಹರಿತೈತಿ."

"ಹರೀಲಿ ಬಿಡವ್ವಾ" ಎಂದರು ಮಾಸ್ತರರು. ಅಷ್ಟು ಹೇಳಿ ಅಲ್ಲೇ ನೆಲಕ್ಕೆ ಕೂತುಬಿಟ್ಟರು.

ಅವಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಹಾಡುವ ಹುಡುಗಿಯೊಬ್ಬಳ ಮಣಿಕಟ್ಟು ಮುರಿದಿತ್ತು. ಟ್ರೇಲಿಯ ತುದಿ ನೆಲ ಮುಟ್ಟದೆ ವೇಷಭೂಷಣದ ಕಬ್ಬಿಣದ ಟ್ರಂಕಿನ ಮೇಲೆ ನಿಂತಿತ್ತು. ಅವಳು ಟ್ರಂಕಿನ ಮಗ್ಗುಲಲ್ಲಿ ಮುದುಡಿ ಕೂತಿದ್ದಳು. ಮೇಲಿಂದ ಜಾರಿದ ಬೆಂಚು ಟ್ರಂಕನ್ನು ದಾಟಿ ಹೋಗಿ, ತಾಡಪತ್ರಿಯ ಬಿದಿರಿನ ಗಳವನ್ನು ಎದೆಯೆತ್ತರದಲ್ಲಿ ಮುರಿದಿತ್ತು. ಅವಳ ಅವ್ವ ಬಂದು, ಮಗಳ ನೆತ್ತಿಯಿಂದ ಪಾದದವರೆಗೆ ಕೈಯಾಡಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವ್ ಮೊದ್ಲ ನೀರ್ ಕುಡೀರಿ ಅಕ್ಕಾರ. ಮಾರಿ ಬೆಳ್ಳಗಾಗೇತಿ" ಎಂದರು. ಮರುದಿನ ಊರವರು ಟ್ರಂಕಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಎಲ್ಲರೂ ಟ್ರಂಕು ಅವಳನ್ನು ಕಾಯಿತು ಎಂದರು. ನಾನೂ ಹಾಗೇ ನಂಬಿದ್ದೆ. ಕಾಯುವಂಥ ಒಂದು ಗಟ್ಟಿ ವಸ್ತು ಅಲ್ಲಿತ್ತಲ್ಲ ಎಂದು ಸ್ವಲ್ಪ ಸ್ವಲ್ಪವಾಗಿ ನಿದ್ದೆಯೂ ಬರತೊಡಗಿತ್ತು.

ಮೊನ್ನೆ ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ರಾಣಿ ಸಿಕ್ಕಳು. ಈಗ ಇಲ್ಲೇ ಕಾಲೇಜಿಗೆ ಬರುತ್ತಾಳೆ. ತಾನೇ ಆ ಮಾತು ತೆಗೆದಳು.

"ಟೀಚರ್, ನೀವ್ ಇನ್ನೂ ಹೆದರ್ತೀರೇನ್ರಿ? ಸರ್ ಹೇಳ್ತಿದ್ರು."

"ನಿನಗ ಹೆದರಿಕಿ ಆಗ್ಲಿಲ್ಲೇನು?"

"ಹೆದರಾಕ ಟೈಮ್ ಎಲ್ಲಿತ್ರಿ? ನಾ ಆ ಗಳ ಹಿಡ್ಕೊಂಡು ನಿಂತಿದ್ದೆ, ನಿರಿಗಿ ಬಿಚ್ಚತಾವ ಅಂತ. ಕಾಲಿಗೆ ಒಂದ್ ಇರುವಿ ಕಡೀತ್ರಿ. ಟ್ರಂಕಿನ ಬಾಜೂಕ ಕುಂತು ಅದನ್ನ ತಗ್ಯಾಕತ್ತಿದ್ದೆ. ಅಷ್ಟರಾಗ ಕತ್ತಲಾತು" ಎಂದು ನಕ್ಕಳು. ಅವಳ ಬಸ್ಸು ಬಂತು. ಕೈಬೀಸಿ ಓಡಿ ಹತ್ತಿದಳು.

ನಾನು ನನ್ನ ಬಸ್ಸು ತಪ್ಪಿಸಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ. ಗಳ ಮುರಿದಿದ್ದ ಎತ್ತರ, ನಿಂತವಳ ಎದೆಯ ಮಟ್ಟ, ಕಣ್ಣೆದುರು ನಿಂತಿತು. ಆ ಮಧ್ಯಾಹ್ನ ಈಗಲೂ ನನ್ನೊಳಗೆ ಮೊದಲಿನಿಂದ ನಡೆಯುತ್ತದೆ. ಮಾಲೆ ಅಲುಗುತ್ತದೆ, ಅಂಚು ಏಳುತ್ತದೆ, ಸೇನಾಪತಿ ಹಾರುತ್ತಾನೆ. ಬಸ್‌ಸ್ಟ್ಯಾಂಡಿನ ಆ ದಿನದಿಂದ ಒಂದು ಬದಲಾಗಿದೆ: ಇರುವೆ ಕಚ್ಚುವುದಿಲ್ಲ.